ಮೂರು ಹಿಡಿ ಕೆಂಪು ಮಣ್ಣು

ಜನವರಿ 17, ಶುಕ್ರವಾರ

ಇವತ್ತಿಗೆ ಹನ್ನೆರಡು ದಿನ. ಇನ್ನು ನೂರಾ ಹದಿನೆಂಟು.

ಇದು ಶಾಲೆಯ ಪಾಠ ಟಿಪ್ಪಣಿಯ ಪುಸ್ತಕ, ರಟ್ಟಿನ ಮೇಲೆ ಮುಸರತ್ ಅಂತ ನನ್ನ ಹೆಸರಿದೆ. ಶಹಾಬಾದಿನ ಹೈಸ್ಕೂಲಿನಲ್ಲಿ ನಾನು ಕನ್ನಡದ ಅತಿಥಿ ಶಿಕ್ಷಕಿ. ಎಂಟನೇ ತರಗತಿಯ ಸಂಧಿ ಪ್ರಕರಣಕ್ಕೆ ಬಂದು ಬರಹ ನಿಂತಿದೆ, ಮುಂದಿನ ಪುಟಗಳೆಲ್ಲ ಖಾಲಿ. ಗಂಡ ತೀರಿದ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯ ಆವರಣ ದಾಟಬಾರದು. ಇದ್ದತ್ ಅದು. ಅಲ್ಲಿಯ ತನಕ ಶಾಲೆ ಇಲ್ಲ, ಬಜಾರ ಇಲ್ಲ. ಪುಟಗಳು ಸುಮ್ಮನೆ ಹಾಳಾಗುವುದಕ್ಕಿಂತ ಬರೆಯುವುದು ವಾಸಿ.

ಸೊಹೇಲ್ ಸತ್ತಿದ್ದಾನೆ. ಬರೆದು ನೋಡಿದೆ. ಮಕ್ಕಳು ಪರೀಕ್ಷೆಯಲ್ಲಿ ಬರೆದ ತಪ್ಪು ಉತ್ತರದ ಹಾಗೆ ಕಾಣುತ್ತದೆ. ಕೆಂಪು ಪೆನ್ನಿನಿಂದ ಹೊಡೆದುಹಾಕಬೇಕು ಅನಿಸುತ್ತದೆ.

ನೋಡಲು ಬರುವ ಹೆಂಗಸರು ಅಳುವುದನ್ನು ಮುಗಿಸಿದ ಮೇಲೆ ಚಹಾಕ್ಕೆ ಸಕ್ಕರೆ ಕಡಿಮೆ ಅನ್ನುತ್ತಾರೆ. ಸೊಹೇಲನ ತಾಯಿ ಆಶಾಬಿ ಮಾತ್ರ ಅಳುವುದಿಲ್ಲ. ದೊಡ್ಡ ಹಜಾರದಲ್ಲಿ ಮಂಚದ ಮೇಲೆ ಕೂತು ತಸಬೀ ಮಣಿ ಎಣಿಸುತ್ತಾರೆ. ಮದುವೆಯಾಗಿ ಆರು ವರ್ಷ, ನಮ್ಮಿಬ್ಬರ ಮಾತು ಹೋಗಿ ಬರುತ್ತಿದ್ದದ್ದು ಸೊಹೇಲನ ಮೂಲಕ. ಸಾರಿಗೆ ಉಪ್ಪು ಹೆಚ್ಚಾಗಿದೆ ಅಂತ ಅವರು ಮಗನಿಗೆ ಹೇಳಬೇಕು, ಅವನು ನಗುತ್ತಾ ನನಗೆ ಹೇಳಬೇಕು. ಮಧ್ಯದವನು ಹೋದ. ಮಕ್ಕಳಿಲ್ಲ. ಈಗ ಇಬ್ಬರು ಮೂಗಿಯರ ಮನೆ ಇದು.

ಅವತ್ತು ಹೂಳುವಾಗ ಓಣಿಯ ಗಂಡಸರೆಲ್ಲ ಅವನಿಗೆ ಮೂರು ಮೂರು ಹಿಡಿ ಮಣ್ಣು ಕೊಟ್ಟು ಬಂದರು. ಅವನ ಜೊತೆ ಜಗಳಾಡಿ ಮಾತು ಬಿಟ್ಟಿದ್ದವರೂ ಕೊಟ್ಟರು. ಹೆತ್ತ ತಾಯಿ ಮತ್ತು ನಾನು ಬಾಗಿಲಲ್ಲಿ ನಿಂತು ನೋಡಿದೆವು. ನಮ್ಮಲ್ಲಿ ಹೆಂಗಸರು ಕಬರಸ್ತಾನಕ್ಕೆ ಹೋಗುವುದಿಲ್ಲ. ಅವನಿಗೆ ಮಣ್ಣು ಕೊಡದೆ ಉಳಿದವರು ಈ ಮನೆಯ ಇಬ್ಬರೇ.

ಜನವರಿ 21, ಮಂಗಳವಾರ

ಇನ್ನು ನೂರಾ ಹದಿನಾಲ್ಕು.

ಗಿಡದ ವಿಷಯ ಬರೆಯಲೇಬೇಕು. ನಮ್ಮ ಅಂಗಳವೆಲ್ಲ ಫರಸಿ ಹಾಸುಗಲ್ಲು, ಒಂದು ಗೇಣು ಮಣ್ಣಿಲ್ಲ. ಅದಕ್ಕೆ ಸೊಹೇಲ್ ಗೇಟಿನ ಹೊರಗೆ, ಓಣಿಯ ಬದಿಗೆ ಒಂದು ಕಲ್ಲು ಕಿತ್ತು ಕುಣಿ ತೋಡಿ ಅದನ್ನು ನೆಟ್ಟಿದ್ದ. ಅವನದು ಸಣ್ಣ ಗೂಡ್ಸ್ ಗಾಡಿ, ಊರೂರಿಗೆ ಫರಸಿ ಇಳಿಸುವ ಕೆಲಸ. ಎರಡು ವರ್ಷದ ಹಿಂದೆ ಜಹೀರಾಬಾದಿಗೆ ಹೋದವನು ರಸ್ತೆ ಬದಿಯ ನರ್ಸರಿಯಿಂದ ತಂದ. ಮಾರಿದವನು ತೆಲುಗಿನಲ್ಲಿ ನೂರು ವರಹಾಲು ಅಂದನಂತೆ. ನಾನು ಹುಡುಕಿ, ಇದು ಕೇಪಳ ಅಂದೆ. ಸೊಹೇಲನ ತಾಯಿ, ತಿನ್ನಲಿಕ್ಕೆ ಬರುತ್ತದೇನು ಅಂತ ಕೇಳಿದರು. ಮೊದಲ ವರ್ಷ ಕೆಂಪು ಗೊಂಚಲು ಎಷ್ಟು ಬಿಟ್ಟಿತೆಂದರೆ ಓಣಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು.

ಹೋದ ದೀಪಾವಳಿಯಿಂದ ಎಲೆ ಹಳದಿಯಾಗತೊಡಗಿತು. ನರ ಮಾತ್ರ ಹಸಿರು, ಉಳಿದದ್ದೆಲ್ಲ ಅರಿಶಿನ. ಎದುರು ಮನೆಯ ಮಡಿವಾಳಯ್ಯನವರು ಮೂವತ್ತು ವರ್ಷ ನರ್ಸರಿಯಲ್ಲಿ ಮಾಲಿ ಆಗಿದ್ದವರು. ಈಗ ನಾನು ಪರಗಂಡಸರೊಡನೆ ಮಾತಾಡುವಂತಿಲ್ಲ. ಅವರ ಹೆಂಡತಿ ಸೂಗಮ್ಮ ಇವತ್ತು ಖಿಡಕಿಗೆ ಬಂದು ಅವರು ಹೇಳಿದ್ದನ್ನು ಹೇಳಿಹೋದರು. ಈ ಊರಿನ ನೆಲವೇ ಸುಣ್ಣದ ಕಲ್ಲು, ಬೋರಿನ ನೀರೂ ಸುಣ್ಣ. ಮಣ್ಣಿನಲ್ಲಿ ಗಿಡಕ್ಕೆ ಬೇಕಾದ ಕಬ್ಬಿಣ ಇದ್ದೇ ಇದೆ, ಆದರೆ ಸುಣ್ಣ ಅದನ್ನು ಬೇರಿಗೆ ದಕ್ಕಲು ಬಿಡುವುದಿಲ್ಲವಂತೆ. ಈ ಗಿಡಕ್ಕೆ ಕೆಂಪು ಮಣ್ಣು ಬೇಕು.

ನನಗೆ ಗೊತ್ತು. ಡಿಸೆಂಬರಿನಲ್ಲೇ ಅವರು ಹೇಳಿದ್ದರು.

ಯಾರಿಗೂ ಹೇಳದ್ದನ್ನು ಇಲ್ಲಿ ಬರೆಯುತ್ತೇನೆ. ಜನವರಿ ಆರನೇ ತಾರೀಖು ಸೊಹೇಲ್ ಚಿಂಚೋಳಿಗೆ ಫರಸಿ ಇಳಿಸಲು ಹೋಗಿದ್ದ. ಮಧ್ಯಾಹ್ನವೇ ಗಾಡಿ ಖಾಲಿ ಮಾಡಿ ತಿರುಗಿ ಬರುತ್ತಿದ್ದ. ನಾನು ಫೋನು ಮಾಡಿ, ಅಷ್ಟು ದೂರ ಹೋದವನು ಕುಂಚಾವರಂ ಗುಡ್ಡದ ಕಡೆಯಿಂದ ಒಂದು ಚೀಲ ಕೆಂಪು ಮಣ್ಣು ತಾ ಅಂದೆ. ಅವನು, ಇವತ್ತೇ ಬೇಕೇನು ಅಂದ. ಇವತ್ತೇ ಬೇಕು ಅಂದೆ. ಅದಕ್ಕೆ ತಡವಾಯಿತು. ಸೇಡಂ ದಾಟುವಾಗ ಕತ್ತಲು, ರಸ್ತೆಯ ಮೇಲೆ ದೀಪವಿಲ್ಲದೆ ನಿಂತ ಲಾರಿ.

ಒಂದು ಚೀಲ ಮಣ್ಣಿಗೆ ಗಂಡನನ್ನು ಕಳಿಸಿದವಳು ನಾನು. ಆ ಚೀಲ ಎಲ್ಲಿ ಹೋಯಿತೋ, ರಸ್ತೆಯ ಮೇಲೆ ಚೆಲ್ಲಿರಬೇಕು. ಇದು ಆಶಾಬಿಗೆ ತಿಳಿದರೆ ಇದ್ದತ್ ಮುಗಿಯುವ ತನಕವೂ ನನ್ನನ್ನು ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಳ್ಳಬಾರದು ಕೂಡ.

ಗಿಡ ಸಾಯಬಾರದು. ಅದೊಂದನ್ನಾದರೂ ಉಳಿಸಬೇಕು.

ಫೆಬ್ರವರಿ 2, ಭಾನುವಾರ

ಇನ್ನು ನೂರಾ ಎರಡು.

ನನ್ನ ತಮ್ಮ ತಾರೀಕ ಚಿಂಚೋಳಿಯಿಂದ ಬಂದಿದ್ದ. ಇದ್ದತ್ ಮುಗಿದ ದಿನವೇ ಬಂದು ಕರೆದುಕೊಂಡು ಹೋಗುತ್ತಾನಂತೆ. ಅಲ್ಲಿಯೂ ಶಾಲೆಗಳಿವೆ, ಅಬ್ಬಾನ ಮನೆಯಲ್ಲಿ ನನ್ನ ಕೋಣೆ ಹಾಗೇ ಇದೆ. ಇವೆಲ್ಲ ಆಶಾಬಿಯ ಎದುರಿಗೇ ಹೇಳಿದ. ಅವರು ತಸಬೀ ನಿಲ್ಲಿಸದೆ ಒಂದೇ ಮಾತು ಅಂದರು.

"ಹೋಗಾಕೇ ಬೇಕಲ್ಲ. ಇಲ್ಲಿ ಏನದ ಆಕಿಗಿ."

ಸರಿಯಾಗಿಯೇ ಅಂದರು. ಆದರೂ ಸಿಟ್ಟು ಬಂತು. ಒಂದು ಸಲ ಇರು ಅನ್ನಬಾರದೇ, ಬಾಯಿ ಮಾತಿಗಾದರೂ.

ನಾನು ಗೇಟಿನಾಚೆ ಹೋಗುವಂತಿಲ್ಲವಾದ್ದರಿಂದ ಗಿಡಕ್ಕೆ ನೀರು ಹಾಕುವುದು ಆಶಾಬಿಯ ಪಾಲಿಗೆ ಬಂದಿದೆ. ನಾನು ಕೇಳಿರಲಿಲ್ಲ. ಅವರಾಗಿಯೇ ಕೊಡ ಎತ್ತಿಕೊಂಡು ಹೋಗುತ್ತಾರೆ. ಇವತ್ತು ಖಿಡಕಿಯಿಂದ ನೋಡಿದೆ. ನೀರು ಹಾಕಿ, ಕೆಳಗೆ ಕೂತು, ಒಂದೊಂದೇ ಎಲೆಯನ್ನು ಸೆರಗಿನಿಂದ ಒರೆಸುತ್ತಿದ್ದರು. ಓಣಿಯ ಕೊನೆಯ ಕಲ್ಲು ಪಾಲಿಶ್ ಮಷೀನಿನ ಧೂಳು ಎಲೆಯ ಮೇಲೆ ಕೂರುತ್ತದೆ. ಎಷ್ಟು ಎಲೆ ಇವೆ, ಅಷ್ಟನ್ನೂ ಒರೆಸಿದರು. ಈ ಹೆಂಗಸು ಅರ್ಥವಾಗುವುದಿಲ್ಲ. ಮನೆಯೊಳಗೆ ತಮ್ಮ ಮಂಚದ ಕೆಳಗೆ ನನಗೆ ಕಸಬರಿಗೆ ಆಡಿಸಲು ಬಿಡುವುದಿಲ್ಲ. ಅಲ್ಲೇನು ನಿಧಿ ಹೂತಿಟ್ಟಿದ್ದಾರೋ.

ಫೆಬ್ರವರಿ 13, ಗುರುವಾರ

ಇನ್ನು ತೊಂಬತ್ತೊಂದು.

ಇವತ್ತು ಶಬೇ ಬರಾತ್. ಗಂಡಸರು ಕಬರಸ್ತಾನಕ್ಕೆ ಹೋಗಿ ತಮ್ಮವರ ಗೋರಿಗಳನ್ನು ಗುಡಿಸಿ, ಸುಣ್ಣ ಹಚ್ಚಿ, ಹೂ ಹಾಕಿ ಬರುತ್ತಾರೆ. ಆಶಾಬಿ ಬೆಳಿಗ್ಗೆಯೇ ಬಕೆಟ್ಟಿನಲ್ಲಿ ಸುಣ್ಣ ನೆನೆಹಾಕಿದ್ದರು. ಓಣಿಯ ಚಾಂದ್ ಭಾಯಿ ಬಂದು ಅರ್ಧ ಬಕೆಟ್ಟು ಒಯ್ದರು. ಹೊಸ ಗೋರಿ ಇನ್ನೂ ಹಸಿ ಮಣ್ಣು, ಸುತ್ತಲಿನ ಕಲ್ಲಿಗಷ್ಟೇ ಬಳಿಯುತ್ತೇವೆ ಅಂದರು.

ಮಧ್ಯಾಹ್ನ ನಾನು ಖಿಡಕಿಗೆ ಬಂದಾಗ ಕೆಲಸ ಮುಗಿದುಹೋಗಿತ್ತು. ಗಿಡದ ಕುಣಿಯ ಸುತ್ತಲಿನ ಕಲ್ಲು ಬೆಳ್ಳಗೆ ಹೊಳೆಯುತ್ತಿತ್ತು. ಕಾಂಡಕ್ಕೂ ಮೊಳಕಾಲೆತ್ತರ ಸುಣ್ಣ ಹಚ್ಚಿದ್ದರು. ಉಳಿದದ್ದನ್ನು ಬಕೆಟ್ಟು ತೊಳೆದು ಬುಡಕ್ಕೇ ಸುರಿದಿದ್ದರು, ಗೆದ್ದಲು ಹತ್ತದಿರಲಿ ಅಂತ. ಇಲ್ಲಿ ಎಲ್ಲರೂ ಬೇವಿನ ಮರಕ್ಕೆ ಹಾಗೇ ಮಾಡುತ್ತಾರೆ.

 ಕೂಗಲು ಬಾಯಿ ತೆರೆದೆ. ಆಗ ಕಂಡಿತು, ಅವರು ಗಿಡದ ಮುಂದೆ ತಲೆಯ ಮೇಲೆ ಸೆರಗು ಹೊದ್ದು ಎರಡೂ ಕೈ ಎತ್ತಿ ಸತ್ತವರಿಗಾಗಿ ಓದುವ ಫಾತಿಹಾ ಓದುತ್ತಿದ್ದರು. ಓದಿ ಮುಗಿಸಿ ಕೈಯನ್ನು ಮುಖಕ್ಕೆ ಸವರಿಕೊಂಡರು, ಆಮೇಲೆ ಆ ಕಾಂಡಕ್ಕೆ ಸವರಿದರು. ಮೂವತ್ತೊಂಬತ್ತು ದಿನಕ್ಕೆ ಮೊದಲ ಸಲ ಅವರು ಅತ್ತದ್ದನ್ನು ನೋಡಿದೆ.

ಒಳಗೆ ಬಂದು, ಕೈಯ ಸುಣ್ಣ ತೊಳೆಯುತ್ತಾ, ನನ್ನ ಕಡೆ ನೋಡದೆ ಅಂದರು.

"ಗೋರಿಗಿ ನಾ ಹೋಗಾಕ ಬರಂಗಿಲ್ಲ. ಅದಕ್ಕ ಇಲ್ಲೇ ಮಾಡಿದೆ."

ನಾನು ಕೈ ಒರೆಸಿಕೊಳ್ಳಲು ಬಟ್ಟೆ ಕೊಟ್ಟೆ.

ಫೆಬ್ರವರಿ 15

ಇವತ್ತೂ ಹೇಳಲಿಲ್ಲ. ಹೇಗೆ ಹೇಳುವುದು? ನೀವು ಮಗನ ಗೋರಿ ಅಂತ ಸುಣ್ಣ ಹಚ್ಚಿದ ಗಿಡಕ್ಕೆ ವಿಷ ಹಾಕಿದಿರಿ ಅಂತಲೇ? ಹಾಗಾದರೆ ನೀನೇನು ಮಾಡಿದೆ ಅಂತ ಅವರು ಕೇಳಿದರೆ?

ಮಾರ್ಚ್ 1, ಶನಿವಾರ

ನಾಳೆಯಿಂದ ರಂಜಾನಿನ ರೋಜಾ ಉಪವಾಸ. ಇನ್ನು ಎಪ್ಪತ್ತೈದು ದಿನ.

ಸೂಗಮ್ಮನ ಕೈಯಲ್ಲಿ ಗುಟ್ಟಾಗಿ ಕೇಳಿಸಿದೆ, ಸುಣ್ಣ ಬಿದ್ದ ಗಿಡಕ್ಕೆ ಏನು ಮಾಡಬೇಕು ಅಂತ. ಮಡಿವಾಳಯ್ಯನವರು ಒಂದು ಪುಡಿಕೆ ಅನ್ನಭೇದಿ ಕಳಿಸಿದರು, ಕಬ್ಬಿಣದ ಹಸಿರು ಹರಳು, ನೀರಿಗೆ ಹಾಕಿದರೆ ತುಕ್ಕಿನ ವಾಸನೆ. ಜೊತೆಗೆ ಹುಳಿ ಮಜ್ಜಿಗೆ ಹಾಕಿರಿ, ಆದರೆ ಮಳೆನೀರು, ಕೆಂಪು ಮಣ್ಣು ಇಲ್ಲದೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿರಿ ಅಂದರಂತೆ. ಮಾರ್ಚಿನಲ್ಲಿ ಶಹಾಬಾದಿಗೆ ಮಳೆ ಎಲ್ಲಿಂದ ತರಲಿ. ಕೆಂಪು ಮಣ್ಣು ತಾ ಅಂತ ತಮ್ಮನಿಗೂ ಹೇಳಲಾರೆ, ಆ ಮಾತು ಇನ್ನೊಮ್ಮೆ ನನ್ನ ಬಾಯಿಂದ ಬರದು.

ಅತ್ತೆಗೆ, ಇದು ಗೊಬ್ಬರ ಅಂತ ಸುಳ್ಳು ಹೇಳಿದೆ. ಯಾಕೆ ಅಂತ ಕೇಳದೆ ಒಯ್ದು ಹಾಕಿಬಂದರು. ಮಜ್ಜಿಗೆಯ ಚರಿಗೆ ನೋಡಿ ಮಾತ್ರ ಹುಬ್ಬೇರಿಸಿದರು. "ಗಿಡಾನೂ ಉಪಾಸ ಬಿಡತದೇನು?" ಅಂದರು. ನನಗೆ ನಗು ಬಂತು. ಬಂದದ್ದಕ್ಕೆ ಆಮೇಲೆ ನಾಚಿಕೆಯೂ ಬಂತು.

ಮಾರ್ಚ್ 12, ಬುಧವಾರ

ರೋಜಾ ಬಿಡುವ ಹೊತ್ತಿಗೆ ಒಂದೇ ತಾಟಿನಲ್ಲಿ ಎರಡು ಖಜೂರ ಇಟ್ಟುಕೊಂಡು ಮಸೀದಿಯ ಬಾಂಗಿಗಾಗಿ ಕಾಯುತ್ತೇವೆ. ಆ ಐದು ನಿಮಿಷದಲ್ಲಿ ಅತ್ತೆ ಮಾತಾಡುತ್ತಾರೆ. ಸೊಹೇಲ್ ಏಳು ವರ್ಷದವನಿದ್ದಾಗ ಮೊದಲ ರೋಜಾ ಹಿಡಿದು, ಮಧ್ಯಾಹ್ನ ತಾಳಲಾರದೆ ನೀರಿನ ಮಡಕೆಯನ್ನು ತಬ್ಬಿಕೊಂಡು ಮಲಗಿದ್ದನಂತೆ. ಕುಡಿಯಲಿಲ್ಲ, ತಬ್ಬಿಕೊಂಡಿದ್ದ ಅಷ್ಟೇ. ಅವರ ತವರು ರಾವೂರಿನ ಗಣಿಯ ಪಕ್ಕ ಇತ್ತಂತೆ. ಗಂಡ ಗಣಿಯಲ್ಲಿ ಕಲ್ಲು ಒಡೆದು ಒಡೆದು ಕೆಮ್ಮಿ ಸತ್ತ ಮೇಲೆ ಮಗನನ್ನು ಗಣಿಯ ಹತ್ತಿರ ಸುಳಿಯಲು ಬಿಡಲಿಲ್ಲ, ಗಾಡಿ ಕಲಿಸಿದರು. "ಗಾಡಿಯೊಳಗ ಧೂಳು ಬರಂಗಿಲ್ಲ ಅಂತ ತಿಳಕೊಂಡಿದ್ದೆ" ಅಂದರು. ಅಷ್ಟರಲ್ಲಿ ಬಾಂಗು ಆಯಿತು.

ಆರು ವರ್ಷ ಈ ಮನೆಯಲ್ಲಿದ್ದೂ ಇದೆಲ್ಲ ನನಗೆ ಗೊತ್ತಿರಲಿಲ್ಲ. ನಾನು ಕೇಳಿರಲೂ ಇಲ್ಲ.

ಮಾರ್ಚ್ 31, ಸೋಮವಾರ

ಈದ್. ಹೊಸ ಬಟ್ಟೆ ಇಲ್ಲ, ಅತ್ತರು ಇಲ್ಲ. ಈ ವರ್ಷ ನಮ್ಮ ಮನೆಯಲ್ಲಿ ಶೀರಖುರ್ಮಾ ಮಾಡಲಿಲ್ಲ. ಸೂಗಮ್ಮ ಸಿಹಿ ತರಲು ಸಂಕೋಚಪಟ್ಟು ಬಿಸಿ ರೊಟ್ಟಿ, ಪುಂಡಿಪಲ್ಲೆ ತಂದುಕೊಟ್ಟರು.

ಗಿಡದ ತುದಿಯಲ್ಲಿ ಒಂದು ಗೊಂಚಲು ಬಂದಿದೆ. ಚಿಕ್ಕದು, ಎಂಟೋ ಹತ್ತೋ ಹೂವು, ಬಣ್ಣವೂ ಕೆಂಪಲ್ಲ, ಹಳೆಯ ಇಟ್ಟಿಗೆಯ ಬಣ್ಣ. ಅತ್ತೆ, ಸೊಹೇಲನ ಹಾಗೆ ಈಗ ನಾನೂ ಕರೆಯುವ ಅಮ್ಮಿ, ನಮಾಜಿನ ನಂತರ ಅದನ್ನು ಕಿತ್ತು ತಂದು ನೀರಿನ ಗ್ಲಾಸಿನಲ್ಲಿಟ್ಟು ನನ್ನ ಮುಂದೆ ಇಟ್ಟರು. "ನೀ ಹೊರಗ ಹೋಗಿ ನೋಡಾಕ ಬರಂಗಿಲ್ಲಲ್ಲ" ಅಂದರು.

ಸಾಯುವ ಗಿಡ ಕೊನೆಗೊಮ್ಮೆ ಹೂ ಬಿಡುತ್ತದೆ ಅಂತ ಮಡಿವಾಳಯ್ಯನವರು ಹೇಳಿದ್ದನ್ನು ನಾನು ಅವರಿಗೆ ಹೇಳಲಿಲ್ಲ. ಫೋನು, ಸುಣ್ಣ, ಈಗ ಇದು, ಹೇಳದೆ ಉಳಿಸಿಕೊಂಡವು ಮೂರಾದವು.

ಏಪ್ರಿಲ್ 19, ಶನಿವಾರ

ಬಿಸಿಲು. ಫರಸಿಯ ಮೇಲೆ ಬರಿಗಾಲಿಡಲು ಆಗುವುದಿಲ್ಲ. ಕೊಡದ ತಳಕ್ಕೆ ಬೋರಿನ ನೀರಿನ ಬಿಳಿ ಪೊರೆ ಕಟ್ಟಿದೆ, ಉಜ್ಜಿದರೂ ಹೋಗುವುದಿಲ್ಲ. ಅದೇ ನೀರು ಗಿಡಕ್ಕೆ.

ಎಲೆಗಳು ಅಂಚು ಸುಟ್ಟು ಉದುರುತ್ತಿವೆ. ಅಮ್ಮಿ ತಮ್ಮ ಹಳೆಯ ಸೀರೆಯನ್ನು ನಾಲ್ಕು ಕೋಲಿಗೆ ಕಟ್ಟಿ ನೆರಳು ಮಾಡಿದ್ದಾರೆ. ಓಣಿಯವರು ನಗುತ್ತಾರೆ ಅಂದರೆ ನಗಲಿ ಅಂದರು. ಮೊಳಕಾಲು ನೋವಿದ್ದರೂ ದಿನಕ್ಕೆ ಮೂರು ಸಲ ಹೋಗುತ್ತಾರೆ. ಇವತ್ತು ಬಂದು ಹೊಸ್ತಿಲ ಮೇಲೆ ಕೂತು, ಬಿದ್ದ ಎಲೆಗಳನ್ನು ಮಡಿಲಿನಲ್ಲಿಟ್ಟುಕೊಂಡು ನನ್ನನ್ನು ಕೇಳಿದರು.

"ನೀ ಸಾಲಿ ಕಲಿಸಾಕಿ, ನಿಂಗ ತಿಳಿತದ. ನಾ ಏನರ ತಪ್ಪ ಮಾಡಾಕತ್ತೀನೇನು?"

"ಇಲ್ಲ ಅಮ್ಮಿ, ಬಿಸಲು ಭಾಳ ಅದ" ಅಂದೆ.

 ಹೇಳಿಬಿಟ್ಟಿದ್ದರೆ ಫೆಬ್ರವರಿಯಲ್ಲೇ ಮೇಲಿನ ಮಣ್ಣು ತೆಗೆಸಬಹುದಿತ್ತು. ನಾನು ಅವರ ಮನಸ್ಸು ಉಳಿಸಲು ಹೋಗಿ ಗಿಡ ಕಳೆಯುತ್ತಿದ್ದೇನೆ. ಅಥವಾ ನನ್ನ ಗುಟ್ಟು ಉಳಿಸಲು. ಯಾವುದು ಖರೆ ಅಂತ ನನಗೇ ತಿಳಿಯುವುದಿಲ್ಲ.

ಮೇ 6, ಮಂಗಳವಾರ

ಗಿಡ ಒಣಗಿದೆ. ಮಡಿವಾಳಯ್ಯನವರು ಉಗುರಿನಿಂದ ಕೊಂಬೆ ಕೆರೆದು ನೋಡಿ ತಲೆಯಾಡಿಸಿದ್ದನ್ನು ಖಿಡಕಿಯಿಂದ ಕಂಡೆ. ಅಮ್ಮಿ ಆಮೇಲೂ ನೀರು ಹಾಕಿದರು.

ತಾರೀಕ ಫೋನು ಮಾಡಿ, ಆಪಾ, ಇನ್ನೆಷ್ಟು ದಿನ ಉಳೀತು ಅಂದ. ಬೆರಳು ಮಡಿಚಿ ಎಣಿಸಬೇಕಾಯಿತು.

ಮೇ 12, ಸೋಮವಾರ

ಸಂಜೆ ಗಾಳಿ ಎದ್ದು ಅರ್ಧ ಗಂಟೆ ಮಳೆ ಬಿತ್ತು. ಅಮ್ಮಿ ಮನೆಯಲ್ಲಿದ್ದ ಕೊಡ, ಪಾತೇಲಿ, ರೊಟ್ಟಿ ಡಬ್ಬಿಯ ಮುಚ್ಚಳ ಎಲ್ಲವನ್ನೂ ಅಂಗಳಕ್ಕೆ ಒಯ್ದು ಸಾಲಾಗಿ ಇಟ್ಟರು. ಗಿಡಕ್ಕೆ ಮಳೆನೀರು ಚಲೋ ಅಂತ ಸೂಗಮ್ಮ ಎಂದೋ ಹೇಳಿದ್ದು ನೆನಪಿತ್ತಂತೆ. ನಾನೂ ಅಂಗಳಕ್ಕೆ ಬಂದು ಇಡಲು ಸಹಾಯ ಮಾಡಿದೆ. ಇಬ್ಬರೂ ತೊಯ್ದೆವು. ಒಂದು ಕೊಡ ತುಂಬ ನೀರು ಸಿಕ್ಕಿತು. ಗಿಡ ಸತ್ತು ವಾರವಾಗಿದೆ ಅಂತ ಇಬ್ಬರಿಗೂ ಗೊತ್ತಿತ್ತು.

ಮೇ 14, ಬುಧವಾರ

ನಾಳೆ ಇದ್ದತ್ ಮುಗಿಯುತ್ತದೆ. ತಾರೀಕ ಬರುತ್ತಾನೆ.

ಬೆಳಿಗ್ಗೆ ಮಡಿವಾಳಯ್ಯನವರು ಗಿಡ ಕಿತ್ತುಕೊಡಲು ಬಂದರು. ಸಲಿಕೆ ಹಾಕಿದ ಕೂಡಲೇ ಬುಡದಲ್ಲಿ ಬಿಳಿ ಗಟ್ಟಿ ಎದ್ದಿತು, ನಾಲ್ಕು ಬೆರಳು ದಪ್ಪ. ಸುಣ್ಣ ಬಿದ್ದದ್ದು ಅವರಿಗೆ ಗೊತ್ತಿತ್ತು, ಯಾರ ಕೈಯಿಂದ ಅಂತ ಪಾಪ ಗೊತ್ತಿರಲಿಲ್ಲ. ಯಾರ್ರಿ ಇಲ್ಲಿ ಇಷ್ಟು ಸುಣ್ಣ ಸುರಿದವರು, ಇದೇ ಕೊಂದದ ನೋಡ್ರಿ ಗಿಡಕ್ಕ, ಅಂದುಬಿಟ್ಟರು.

ಅಮ್ಮಿ ಒಳಗೆ ಬಂದರು. ಕೊಡ ಕೆಳಗಿಡುವುದನ್ನೂ ಮರೆತು ನಿಂತರು.

"ನಾನೇ ಕೊಂದೀನಿ. ನನ್ನ ಕೈಲೇ ಕೊಂದೀನಿ ಅದಕ್ಕ."

"ನಂಗ ಗೊತ್ತಿತ್ತು" ಅಂದೆ.

"ಗೊತ್ತಿತ್ತಾ? ಯಾವಾಗಿಂದ?"

"ಅವತ್ತಿಂದನೇ."

ಅವರು ಮಂಚದ ಮೇಲೆ ಕುಸಿದು ಕೂತರು. ಮೂರು ತಿಂಗಳು ಹೇಳದೆ ಯಾಕೆ ಸುಮ್ಮನಿದ್ದೆ ಅಂತ ಬೈಯಲಿ ಅಂತ ಕಾದೆ. ಬೈಯಲಿಲ್ಲ. ಆ ಮುಖ ನೋಡಲಾಗದೆ ನಾನು ನೆಲಕ್ಕೆ ಕೂತು, ಅವರ ಕಾಲ ಹತ್ತಿರ, ಎಲ್ಲವನ್ನೂ ಹೇಳಿಬಿಟ್ಟೆ. ಫೋನು ಮಾಡಿದ್ದು. ಇವತ್ತೇ ಬೇಕು ಅಂದದ್ದು. ಗಿಡ ಕೊಂದದ್ದು ದೊಡ್ಡದಲ್ಲ ಅಮ್ಮಿ, ನಿಮ್ಮ ಮಗನನ್ನು ಕಳಿಸಿದವಳು ನಾನು ಅಂದೆ. ಹೇಳುತ್ತಾ ಹೇಳುತ್ತಾ ನನ್ನ ಧ್ವನಿ ಯಾರದೋ ಧ್ವನಿಯ ಹಾಗೆ ಕೇಳಿಸಿತು.

 ಅಮ್ಮಿ ಎದ್ದು, ಮೊಳಕಾಲೂರಿ ಬಗ್ಗಿ, ಮಂಚದ ಕೆಳಗೆ ಕೈ ಹಾಕಿ, ಹಾಸಿಗೆಯ ಗಂಟಿನ ಹಿಂದಿನಿಂದ ಒಂದು ಸಿಮೆಂಟಿನ ಖಾಲಿ ಚೀಲ ಎಳೆದರು. ಖಾಲಿಯಲ್ಲ, ಅರ್ಧ ತುಂಬಿತ್ತು. ಬಾಯಿ ಸುತ್ತಿದ ಹಗ್ಗದ ಗಂಟು ಸೊಹೇಲನದು. ಅವನು ಯಾವಾಗಲೂ ಹಾಗೇ ಎರಡು ಸುತ್ತು ಹಾಕಿ ಕಟ್ಟುತ್ತಿದ್ದ.

"ಪೋಲೀಸರು ಗಾಡಿ ಸಾಮಾನು ಕೊಟ್ಟಾಗ ಬಂದದ ಇದು. ಅವತ್ತ ಸಂಜಿಮುಂದ ನಂಗೂ ಫೋನ್ ಮಾಡಿದ್ದನವ್ವ. ಅಮ್ಮಿ, ತಡಾ ಆಗ್ತದ, ಮುಸರತಗ ಕೆಂಪ ಮಣ್ಣ ತುಂಬಾಕತ್ತೀನಿ ಅಂದ. ನಗಾಕತ್ತಿದ್ದ."

ನಾಲ್ಕು ತಿಂಗಳು ಗೊತ್ತಿತ್ತು ಅವರಿಗೆ. ಮೊದಲ ದಿನದಿಂದ ಗೊತ್ತಿತ್ತು.

"ಮತ್ತ ಯಾಕ ಮುಚ್ಚಿಟ್ರಿ?"

"ನೀ ನೋಡಿದರ ಎದಿ ಒಡಕೊಂಡು ಸಾಯತಿದ್ದಿ, ನಾನೇ ಕಳಿಸಿದೆ ಅಂತ. ಒಬ್ಬಾಂವ ಹೋದದ್ದ ಸಾಕಿತ್ತು ನಂಗ."

ನಾನು ಚೀಲದ ಮೇಲೆ ತಲೆಯಿಟ್ಟು ಅತ್ತೆ. ಗಿಡ ಕೇಳಿದ ಮಣ್ಣು ನಾಲ್ಕು ತಿಂಗಳು ಗಿಡದಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ಈ ಮನೆಯೊಳಗೇ ಇತ್ತು. ನಾನು ಒಂದು ಮಾತು ಆಡಿದ್ದರೆ ಅವರು ತೆಗೆದುಕೊಡುತ್ತಿದ್ದರು. ಅವರು ಒಂದು ಮಾತು ಆಡಿದ್ದರೆ ನಾನು ಕೇಳುತ್ತಿದ್ದೆ. ಅಮ್ಮಿಯ ಕೈ ನನ್ನ ಬೆನ್ನ ಮೇಲೆ ಇತ್ತು, ಸುಣ್ಣದ ಬಿರುಕುಗಳಿದ್ದ ಕೈ.

ಸಂಜೆ ನನ್ನ ಬಟ್ಟೆಗಳನ್ನು ಅವರೇ ಮಡಿಚಿ ಪೆಟ್ಟಿಗೆಗೆ ಹಾಕಿದರು. ಇಲ್ಲಿ ಏನದ ನಿಂಗ, ಗಿಡಾನೂ ಹೋತು ಅಂದರು. ಈ ಸಲ ಅದು ಸಿಟ್ಟಿನ ಮಾತಲ್ಲ ಅಂತ ತಿಳಿಯಿತು. ಮೊದಲ ಸಲವೂ ಆಗಿರಲಿಲ್ಲವೇನೋ.

ಮೇ 15, ಗುರುವಾರ

ತಾರೀಕ ಹತ್ತು ಗಂಟೆಗೆ ಬಂದ. ಚಹಾ ಕೊಟ್ಟು ಕೂರಿಸಿದೆವು.

ನೂರಾ ಮೂವತ್ತು ದಿನದ ಮೇಲೆ ಗೇಟಿನಾಚೆ ಕಾಲಿಟ್ಟೆ. ಎಲ್ಲಿಗೆ ಹೋಗಬೇಕು ಅಂತ ಯೋಚಿಸಲಿಲ್ಲ, ನಾಲ್ಕೇ ಹೆಜ್ಜೆ. ಗಿಡ ಕಿತ್ತ ಕುಣಿ ಬಾಯಿ ತೆರೆದುಕೊಂಡಿತ್ತು. ಸುಣ್ಣದ ಗಟ್ಟಿಯನ್ನು ಮಡಿವಾಳಯ್ಯನವರು ಪೂರಾ ತೆಗೆದುಹಾಕಿದ್ದರು. ಅಮ್ಮಿ ಚೀಲ ಎಳೆದು ತಂದರು. ಸೊಹೇಲ್ ಹಾಕಿದ ಗಂಟು ಬಿಚ್ಚಲು ನನ್ನಿಂದಾಗಲಿಲ್ಲ, ಅವರಿಂದಲೂ ಆಗಲಿಲ್ಲ. ಕೊನೆಗೆ ಇಬ್ಬರೂ ಸೇರಿ ಉಗುರು ಹಾಕಿ ಸಡಿಲ ಮಾಡಿದೆವು. ಹಗ್ಗವನ್ನು ಅಮ್ಮಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಮಣ್ಣು ಇನ್ನೂ ಕೆಂಪಗೇ ಇತ್ತು. ಅದರಲ್ಲಿ ಗುಡ್ಡದ ಒಣ ಎಲೆಯ ಚೂರುಗಳಿದ್ದವು. ಅವನು ಕೈಯಿಂದಲೇ ತುಂಬಿರಬೇಕು, ಸಲಿಕೆ ಎಲ್ಲಿತ್ತು ಅವನ ಹತ್ತಿರ.

ಅಮ್ಮಿ ಮೊದಲು ಕೂತರು. ಒಂದು ಹಿಡಿ ತೆಗೆದು ಕುಣಿಗೆ ಬಿಟ್ಟರು. ಎರಡನೆಯದು, ಮೂರನೆಯದು. ಪ್ರತಿ ಸಲವೂ ತುಟಿ ಅಲ್ಲಾಡುತ್ತಿತ್ತು. ಆಮೇಲೆ ಸರಿದು ನನಗೆ ಜಾಗ ಮಾಡಿದರು. ನಾನೂ ಮೂರು ಹಿಡಿ ಕೊಟ್ಟೆ. ಮೂರನೆಯದನ್ನು ಬಿಡಲು ಕೈ ತೆರೆಯಲಿಲ್ಲ. ಅಮ್ಮಿ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

ಓಣಿಯಲ್ಲಿ ಯಾರೋ ನಿಂತು ನೋಡಿದರು, ಆಮೇಲೆ ತಲೆ ತಗ್ಗಿಸಿ ಹೋದರು. ಈಗ ಆ ಕುಣಿಯಲ್ಲಿ ಏನು ನೆಡುತ್ತೀರಿ ಅಂತ ಸೂಗಮ್ಮ ಕೇಳಿದರು. ಸದ್ಯ ಏನೂ ಬೇಡ ಅಂದೆವು.

ಪೆಟ್ಟಿಗೆ ಎತ್ತಿಕೊಳ್ಳಲು ಬಂದ ತಾರೀಕನಿಗೆ, ಪೆಟ್ಟಿಗೆ ಇಲ್ಲೇ ಇರಲಿ, ಬಕ್ರೀದಿಗೆ ಬಾ, ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿ ತಿರುಗಿ ಇಲ್ಲೇ ತಂದು ಬಿಡು ಅಂದೆ. ಅವನು ಅಮ್ಮಿಯ ಮುಖ ನೋಡಿದ.  ಅಮ್ಮಿ ಎದ್ದು ಒಳಗೆ ಹೋಗಿ ಮೊನ್ನೆ ಹಿಡಿದಿಟ್ಟ ಮಳೆನೀರಿನ ಕೊಡ ತಂದರು. ಮಣ್ಣು ಕೊಟ್ಟ ಮೇಲೆ ಗೋರಿಗೆ ನೀರು ಚಿಮುಕಿಸಬೇಕು.